ನಾನು ಹೂಳದ ಬೆಕ್ಕಿನ ಮರಿ

ನಾಲ್ಕನೇ ಸಲ ಫೋನ್ ಹಚ್ಚಿದೆ. ಸ್ವಿಚ್ ಆಫ್.

ಡೊಂಬಿವಲಿ ಸ್ಟೇಷನ್ನಿನ ಹೊರಗೆ, ಪೂರ್ವದ ಕಡೆ, ರಿಕ್ಷಾ ಸಾಲಿನ ಪಕ್ಕ ನಿಂತಿದ್ದೆ. ಮಧ್ಯಾಹ್ನದ ಬಿಸಿಲು. ಕೈಯಲ್ಲಿ ಪ್ಲಾಸ್ಟಿಕ್ ಬುಟ್ಟಿ. ಒಳಗೆ ಅಕ್ಕನ ಹಳೆಯ ಸೀರೆಯ ತುಂಡು, ನಾಲ್ಕು ಮಡಿಕೆ ಮಾಡಿ ಹಾಸಿದ್ದು. ಮೇಲೆ ಮುಚ್ಚಲು ಇನ್ನೊಂದು ಬುಟ್ಟಿ, ಕಟ್ಟಲು ಸುತಳಿ. ಎಲ್ಲ ಅಕ್ಕನೇ ಮಾಡಿ ಕೊಟ್ಟಿದ್ದಳು. ಹನ್ನೊಂದಕ್ಕೆ ಬೆಕ್ಕಿನ ಮರಿ ತರುವ ಗಾಡಿ ಅಲ್ಲಿಗೆ ಬರಬೇಕಿತ್ತು. ಈಗ ಒಂದೂವರೆ.

ಯಾರ ದಾರಿ ಕಾಯ್ತಿದ್ದೀ ಎಂದು ಒಬ್ಬ ರಿಕ್ಷಾದವನು ಮರಾಠಿಯಲ್ಲಿ ಕೇಳಿದ. ಬೆಕ್ಕಿನದು ಅಂದೆ. ಬೆಕ್ಕು ಯಾವ ಲೋಕಲ್ ಹಿಡಿದು ಬರ್ತದೆ, ಫಾಸ್ಟೋ ಸ್ಲೋವೋ ಅಂದ. ಉಳಿದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ.

ಬೆಳಿಗ್ಗೆ ಮಾರುವವನೇ ಫೋನ್ ಮಾಡಿ, "ಗಾಡಿ ಕಲ್ಯಾಣ ಬಿಟ್ಟದ ಅಣ್ಣಾರ, ಹನ್ನೊಂದಕ್ಕ ನಿಮ್ಮ ಮುಂದ ಇರ್ತದ" ಅಂದಿದ್ದ. ಹನ್ನೆರಡಕ್ಕೆ ಮತ್ತೆ ಮಾಡಿದ.

"ಗಾಡಿ ಹಿಡದಾರ ನೋಡ್ರಿ. ಮರಿ ಒಯ್ಯಲಕ ಪರ್ಮಿಟ್ ಬೇಕಂತ. ರೊಕ್ಕ ಕಟ್ಟಿದ್ರ ಬಿಡ್ತಾರ. ಮರಿ ನಿಮ್ಮ ಕೈಗಿ ಬಂದ ಕೂಡ್ಲೆ ಆ ರೊಕ್ಕ ವಾಪಸ್."

"ನನ್ನ ಹಂತ್ಯಾಕ ಇಲ್ರಿ."

"ಯಾರ ಹಂತ್ಯಾಕರ ಇಸ್ಕೋರಿ."

"ಇಲ್ಲ ಅಂದ್ನಲ್ಲ."

"ಹಂಗಾದ್ರ ಮರಿ ಗಾಡ್ಯಾಗೇ ಬಿಸಲಿಗಿ ಸಾಯ್ತದ. ಬೆಕ್ಕಿನ ಪಾಪ ಸಣ್ಣದಲ್ಲ ಅಣ್ಣಾರ. ಅದು ನಿಮ್ಮ ತಲಿ ಮ್ಯಾಲ."

ಆಗ ತಿಳಿಯಿತು. ಗಾಡಿಯೂ ಇಲ್ಲ, ಮರಿಯೂ ಇಲ್ಲ. ಬಾಯಿಗೆ ಬಂದಂತೆ ಬೈದೆ. ಅವನು ಫೋನ್ ಇಟ್ಟ. ಆಮೇಲೂ ಒಂದೂವರೆ ತಾಸು ಅಲ್ಲೇ ನಿಂತೆ. ಯಾಕೆ ಎಂದು ಕೇಳಬೇಡಿ. ಖಾಲಿ ಬುಟ್ಟಿ ಹಿಡಿದು ಮನೆಗೆ ಹೋಗಲು ಕಾಲು ಏಳಲಿಲ್ಲ.

ಮನೆಯಲ್ಲಿ ಅಕ್ಕ ಹಾಲು ಕಾಸಿ ಆರಿಸಿ ಇಟ್ಟಿರುತ್ತಾಳೆ ಎಂದು ಗೊತ್ತಿತ್ತು.

ನಮ್ಮದು ಕಲಬುರಗಿ ಕಡೆ. ಅವ್ವ ಸತ್ತ ಮೇಲೆ ಅಕ್ಕನೇ ನನ್ನನ್ನು ಕಳಂಬೋಲಿಗೆ ಕರೆದುಕೊಂಡು ಬಂದಳು. ಐದನೇ ಕ್ಲಾಸಿಗೆ ನನ್ನ ಸಾಲೆ ಮುಗಿದಿತ್ತು. ಇಲ್ಲಿ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಹಮಾಲಿ ಕೆಲಸಕ್ಕೆ ಹತ್ತಿದೆ. ಸಲಾಕೆ, ಪಟ್ಟಿ, ಪೈಪು, ಲಾರಿಗೆ ಏರಿಸುವುದು, ಇಳಿಸುವುದು. ಅಕ್ಕನ ಗಂಡ ಟ್ರೇಲರ್ ಓಡಿಸುತ್ತಾನೆ. ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಅವರ ಮಗಳು ಊರಲ್ಲಿ ಅಜ್ಜಿಯ ಹತ್ತಿರ ಓದುತ್ತಾಳೆ. ಹಾಗಾಗಿ ಒಂದು ಖೋಲಿಯಲ್ಲಿ ಅಕ್ಕ ಮತ್ತು ನಾನು.

ಅಕ್ಕ ಖಾರಘರದಲ್ಲಿ ಮನೆಗೆಲಸಕ್ಕೆ ಹೋಗುತ್ತಾಳೆ. ಅಲ್ಲಿ ಹದಿನಾಲ್ಕನೇ ಮಾಳಿಗೆಯ ಒಂದು ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಆಫೀಸಿಗೆ ಹೋಗುವವರು. ಅವರದೊಂದು ಪರ್ಷಿಯನ್ ಬೆಕ್ಕು. ಬೂದಿ ಬಣ್ಣ, ಮೈತುಂಬ ಕೂದಲು, ಚಪ್ಪಟೆ ಮೂಗು. ಒಮ್ಮೆ ಫೋಟೋ ತೋರಿಸಿದಾಗ, "ಯಾರೋ ಮಾರಿಗಿ ಗುದ್ದ್ಯಾರ ಇದಕ್ಕ" ಅಂದೆ. ಅಕ್ಕ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಆ ಬೆಕ್ಕಿನ ಕೂದಲು ಬಾಚುವುದೂ ಅವಳ ಕೆಲಸ. ಬಾಚುವಾಗ ಅದು ಅವಳ ತೊಡೆಯ ಮೇಲೇ ನಿದ್ದೆ ಹೋಗುತ್ತಿತ್ತಂತೆ. ದಿನಾ ಬಂದು ಅದರ ಸುದ್ದಿಯೇ. ಇವತ್ತು ಹಿಂಗ ನೋಡ್ತು, ಇವತ್ತು ಪಡದಾ ಹರೀತು.

ಆ ಮನೆಯವರು ಪುಣೆಗೆ ಹೋದರು. ಬೆಕ್ಕೂ ಹೋಯಿತು. ಹೋಗುವಾಗ ಹಳೆಯ ಬಾಚಣಿಗೆ ಬಿಟ್ಟು ಹೋಗಿದ್ದರು. ಅಕ್ಕ ಅದನ್ನು ತಂದು ದೇವರ ಫೋಟೋದ ಹಿಂದೆ ಇಟ್ಟಳು. ಹಲ್ಲಿನ ಸಂದಿಯಲ್ಲಿ ಬೂದಿ ಕೂದಲು ಹಾಗೇ ಇತ್ತು. ತೆಗೆಯಲಿಲ್ಲ. ಸಂಜೆ ಬಂದರೆ ಮಾತಿಲ್ಲ. ರೊಟ್ಟಿ ಬಡಿಯುವುದು, ಮಲಗುವುದು.

ಹದಿನೈದು ದಿನ ಆದ ಮೇಲೆ ರೊಟ್ಟಿ ಬಡಿಯುತ್ತಲೇ ಕೇಳಿದಳು.

"ತಮ್ಮಾ, ಅಂಥಾದ್ದೊಂದು ಮರಿ ಎಲ್ಲರ ಸಿಗ್ತದೇನೋ?"

"ಭಾಳ ರೊಕ್ಕ ಹೇಳ್ತಾರ ಅಕ್ಕಾ."

"ನಾ ಒಂದಿಷ್ಟು ಇಟ್ಟೀನಿ. ನೀ ನೋಡು. ನಾನೇ ತರಸಲಕ ಹೋದ್ರ ಮತ್ತ ಬೈತಿ."

ಈ ಮಾತಿಗೆ ಕಾರಣ ಇತ್ತು. ಒಂದು ತಿಂಗಳ ಹಿಂದೆ ಅವಳು ಪಕ್ಕದ ಮನೆಯವಳ ಫೋನಿನಲ್ಲಿ ಸೀರೆ ನೋಡಿ ರೊಕ್ಕ ಕಳಿಸಿದ್ದಳು. ಬಂದದ್ದು ಹರಕು ಬಟ್ಟೆ. ನಾನು ಚಾಳಿನ ಎಲ್ಲರ ಮುಂದೆ ಕೂಗಾಡಿದ್ದೆ. "ನೋಡ್ದೇ ರೊಕ್ಕ ಕೊಡ್ತಾರೇನು? ತಲಿ ಅದನೋ ಇಲ್ಲೋ ನಿನಗ?" ಅಂದಿದ್ದೆ. ಅವಳು ಆಮೇಲೆ ಆ ಹರಕು ಬಟ್ಟೆಯಲ್ಲೇ ಒಲೆ ಒರೆಸುತ್ತಿದ್ದಳು. ಅದನ್ನು ನೋಡಿದಾಗಲೆಲ್ಲ ನಾನು ಮತ್ತೆ ಒಂದು ಮಾತು ಅನ್ನುತ್ತಿದ್ದೆ.

ಸರಿ, ನಾನು ಫೋನಿನಲ್ಲಿ ಹುಡುಕಿದೆ. ಮರಿಗಳು ರಾಶಿ ರಾಶಿ. ಅಂಗಡಿಯವರು ಹೇಳಿದ ಬೆಲೆ ಕೇಳಿ ಕೈಬಿಟ್ಟೆ. ಒಬ್ಬನ ಬೆಲೆ ಮಾತ್ರ ಅರ್ಧಕ್ಕಿಂತ ಕಡಿಮೆ ಇತ್ತು. ಕಲ್ಯಾಣದಲ್ಲಿ ಫಾರ್ಮ್ ಇದೆ, ತಾವೇ ಸಾಕಿ ಮಾರುತ್ತೇವೆ ಎಂದು ಬರೆದಿದ್ದ. ಬೂದಿ ಬಣ್ಣದ ಮರಿ. ಫೋನ್ ಮಾಡಿದೆ. ಹಿಂದಿಯಲ್ಲಿ ಮಾತು ನಡೆಯಿತು. ನಡುವೆ ನಮ್ಮ ಹಮಾಲರ ಟೋಳಿಯವನೊಬ್ಬ ಪೈಪು ಸರಿಯಾಗಿ ಹಿಡಿಯಲಿಲ್ಲ. "ಏ, ಕಾಲ ಮ್ಯಾಲ ಹಾಕ್ಕೊಂತಿ, ಸರಿ ಹಿಡಿಯಲೇ" ಎಂದು ಕೂಗಿದೆ. ಫೋನಿನ ಆ ಕಡೆ ಅವನು ನಕ್ಕ.

"ನಮ್ಮ ಕಡಿಯವ್ರೇನ್ರಿ ಅಣ್ಣಾರ ನೀವು?"

ನನ್ನ ಕೆಲಸ ಕೆಟ್ಟದ್ದು ಅಲ್ಲೇ. ಇಲ್ಲಿ ದಿನವೆಲ್ಲ ಹಿಂದಿ, ಮರಾಠಿ. ಕೆಲಸ ಹಂಚುವ ಮುಕಾದಮ ಬೈಯುವುದು ಮರಾಠಿ, ಡ್ರೈವರ್ ಬೈಯುವುದು ಹಿಂದಿ. ಗುರುತಿಲ್ಲದ ಒಬ್ಬ ಮನುಷ್ಯ ನಮ್ಮ ಊರಿನ ಮಾತಿನಲ್ಲಿ ಅಣ್ಣಾರ ಅಂದರೆ ಅವನನ್ನು ಮತ್ತೇನೂ ಕೇಳಬೇಕು ಅನ್ನಿಸುವುದಿಲ್ಲ. ಜೋಳದ ರೇಟು ಮಾತಾಡಿದ. ಊರ ಬಸ್ಸಿನ ಸುದ್ದಿ ಮಾತಾಡಿದ. ಅಕ್ಕನ ಸಲುವಾಗಿ ಎಂದೆ. "ನಿಮ್ಮ ಅಕ್ಕ ಅಂದ್ರ ನಮಗೂ ಅಕ್ಕನೇ ಅಲ್ರಿ" ಅಂದ. ಎರಡು ಸಾವಿರ ಕಡಿಮೆ ಮಾಡಿದ.

ಬಂದು ನೋಡುತ್ತೇನೆ ಅಂದೆ. ಮರಿಗಳಿಗೆ ಹೊರಗಿನವರ ಚಪ್ಪಲಿಯಿಂದ ರೋಗ ಬರ್ತದ, ಯಾರನ್ನೂ ಒಳಗೆ ಬಿಡಲ್ಲ ಅಂದ. ತಾಯಿ ಬೆಕ್ಕನ್ನು ತೋರಿಸು ಅಂದೆ. ಅದು ಬೇರೆ ಕಡೆ ಅದ ಅಂದ. ವಿಡಿಯೋ ಕಾಲ್ ಮಾಡು ಅಂದೆ. ನೆಟ್‌ವರ್ಕ್ ಇಲ್ಲ ಅಂದು ಒಂದು ವಿಡಿಯೋ ಕಳಿಸಿದ. ಅದರಲ್ಲಿ ಮರಿ ಹಾಸಿಗೆಯ ಮೇಲೆ ಆಡುತ್ತಿತ್ತು. ಕಿಟಕಿಯ ಆಚೆ ಎತ್ತರದ ಮರಗಳು, ಮಂಜು. ಕಲ್ಯಾಣದಲ್ಲಿ ಬೇಸಿಗೆಯಲ್ಲಿ ಎಲ್ಲಿಯ ಮಂಜು? ನನ್ನ ಕಣ್ಣಿಗೆ ಬಿತ್ತು. ಕೇಳಲಿಲ್ಲ. ಅಕ್ಕ ಕೂಡಿಟ್ಟ ರೊಕ್ಕ ಕಳಿಸುವಾಗ ಅವನು ಹೇಳಿದ ಹೆಸರೇ ಬೇರೆ, ಫೋನು ತೋರಿಸಿದ ಹೆಸರೇ ಬೇರೆ. ಅದೂ ಕಣ್ಣಿಗೆ ಬಿತ್ತು. ನಮ್ಮ ತಮ್ಮನ ಖಾತೆ ಅಂದ. ಒತ್ತಿಬಿಟ್ಟೆ. ಎರಡು ದಿನ ಬಿಟ್ಟು ಪಂಜರಕ್ಕೆ ಎಂದು ಮತ್ತೆ ಕೇಳಿದ. ಅದನ್ನೂ ಕಳಿಸಿದೆ. ಅದು ನನ್ನ ಹಮಾಲಿಯ ರೊಕ್ಕ.

ನಮ್ಮ ಮಾರ್ಕೆಟ್ಟಿನಲ್ಲಿ ಲಾರಿಯನ್ನು ಮೊದಲು ಕಾಟಾದ ಮೇಲೆ ನಿಲ್ಲಿಸಿ ಖಾಲಿ ತೂಗುತ್ತಾರೆ. ಮಾಲು ತುಂಬಿದ ಮೇಲೆ ಮತ್ತೆ ತೂಗುತ್ತಾರೆ. ಎರಡೂ ಸಲ ಕಾಟಾದ ಚೀಟಿ ಕೈಗೆ ಬರದೆ ಯಾರೂ ಯಾರನ್ನೂ ನಂಬುವುದಿಲ್ಲ. ಸ್ವಂತ ಅಣ್ಣತಮ್ಮಂದಿರ ವ್ಯಾಪಾರದಲ್ಲೂ ಚೀಟಿ ಬೇಕು. ನಾನು ದಿನಾ ಅದನ್ನೇ ನೋಡುವವನು. ಬೆಕ್ಕಿನ ಮರಿಯ ವಿಷಯದಲ್ಲಿ ಒಂದು ಸಲವೂ ತೂಗಲಿಲ್ಲ. ನೀವು ಮರಿ ಕೊಳ್ಳುವವರಿದ್ದರೆ ಹೋಗಿ ನೋಡಿ. ಮರಿಯನ್ನು ಕೈಯಲ್ಲಿ ಹಿಡಿಯಿರಿ, ತಾಯಿಯನ್ನು ನೋಡಿ, ಆಮೇಲೆ ರೊಕ್ಕ ಕೊಡಿ. ನೋಡಲು ಬಿಡದವನು ಯಾವ ಭಾಷೆಯಲ್ಲಿ ಅಣ್ಣಾ ಅಂದರೂ ಬಿಡಿ. ಇದು ಹೇಳಲು ಸುಲಭ. ನಾನೇ ಅಕ್ಕನಿಗೆ ಇದನ್ನೇ ಕೂಗಿ ಹೇಳಿದ್ದೆ.

ಡೊಂಬಿವಲಿಯಿಂದ ಠಾಣೆಗೆ ಬಂದು ಪನವೇಲ್ ಗಾಡಿ ಹತ್ತಿದೆ. ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಎದುರಿಗೆ ಕೂತಿದ್ದ ಒಬ್ಬ ಮುದುಕಿ ಬಗ್ಗಿ ಸಂದಿಯಲ್ಲಿ ನೋಡಿ, ಒಳಗೆ ಏನಿದೆ ಅಂದಳು. ಏನಿಲ್ಲ ಅಂದೆ. ಏನಿಲ್ಲದ್ದಕ್ಕೆ ಇಷ್ಟು ಜೋಪಾನವೇ ಅಂದಳು.

ಖಾರಘರ ದಾಟುವವರೆಗೂ ಒಂದೇ ಯೋಚನೆ. ಮೋಸ ಹೋದೆ ಎಂದು ಹೇಳಿದರೆ ಅಕ್ಕ ಬೈಯುವುದಿಲ್ಲ. ಬೈಯುವವಳಲ್ಲ. ಆದರೆ ಒಲೆಯ ಪಕ್ಕ ಆ ಹರಕು ಬಟ್ಟೆ ಬಿದ್ದಿರುತ್ತದೆ. ಅದರ ಮುಂದೆ ನಿಂತು ಹೇಳಬೇಕು. ಅದು ನನ್ನಿಂದ ಆಗಲಿಲ್ಲ.

ಮಾನಸರೋವರ ಸ್ಟೇಷನ್ನಿನಲ್ಲಿ ಇಳಿದು ಮನೆಗೆ ಹೋದೆ. ಅಕ್ಕ ಬಾಗಿಲಲ್ಲೇ ಇದ್ದಳು. ತಾಟಿನಲ್ಲಿ ಹಾಲು, ಮೇಲೆ ನೊಣ ಕೂರದಂತೆ ಮುಚ್ಚಳ. ನನ್ನ ಮುಖ ನೋಡಲಿಲ್ಲ, ಬುಟ್ಟಿ ಇಸಿದುಕೊಂಡಳು. ಸುತಳಿ ಬಿಚ್ಚಿದಳು. ಸೀರೆಯ ಮಡಿಕೆಯನ್ನೂ ಎತ್ತಿ ನೋಡಿದಳು.

"ಎಲ್ಲೋ?"

"ಸತ್ತದ ಅಕ್ಕಾ," ಅಂದೆ. "ಗಾಡ್ಯಾಗೇ. ಬಿಸಲಿಗಿ."

ಕಳ್ಳನ ಬಾಯಿಯ ಮಾತು. ಅವನು ಹನ್ನೆರಡಕ್ಕೆ ಫೋನಿನಲ್ಲಿ ನನಗೆ ಹೇಳಿದ್ದನ್ನೇ ನಾನು ಅಕ್ಕನಿಗೆ ಹೇಳಿದೆ. ನಾನು ಅವನನ್ನು ನಂಬಲಿಲ್ಲ. ಅಕ್ಕ ನನ್ನನ್ನು ನಂಬಿದಳು.

ಇಷ್ಟಕ್ಕೆ ಮುಗಿಯುತ್ತದೆ ಎಂದುಕೊಂಡಿದ್ದೆ. ನಾಲ್ಕು ದಿನ ಅಳುತ್ತಾಳೆ, ಮರೆಯುತ್ತಾಳೆ. ಅಕ್ಕ ಅಳಲಿಲ್ಲ. ಹೊಸ್ತಿಲಲ್ಲಿ ಕೂತಳು.

"ಎಲ್ಲಿ ಹಾಕ್ದಿ ಅದನ?"

"ಹೂತೆ. ಅಲ್ಲೇ, ಡೊಂಬಿವಲ್ಯಾಗ, ಖಾಡಿ ನೀರಿನ ದಂಡಿಗಿ."

"ಉಪ್ಪು ಹಾಕಿದ್ಯಾ?"

"ಹಾಕೀನಿ."

"ಎಲ್ಲಿಂದ ತಂದಿ ಉಪ್ಪು?"

"ಅಂಗಡ್ಯಾಗ."

"ಛಲೋ ಮಾಡ್ದಿ," ಅಂದಳು. ಖಾಲಿ ಬುಟ್ಟಿ ಪಕ್ಕಕ್ಕೆ ಸರಿಸಿ, "ನಾ ಆಸಿ ಮಾಡ್ದೆ ಅಂತ ಅದು ಅಷ್ಟು ದೂರಿಂದ ಬಂತು. ಇಲ್ಲಾಂದ್ರ ತಾಯಿ ಹಂತ್ಯಾಕ ಇರ್ತಿತ್ತು" ಅಂದಳು. ತಾಟಿನ ಹಾಲನ್ನು ತುಳಸಿಯ ಡಬ್ಬಿಗೆ ಸುರಿದಳು.

ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಮಾತೊಂದಿದೆ. ನಾಯಿ ಸತ್ತರೆ ನಡೆಯುತ್ತದೆ, ಬೆಕ್ಕು ಸತ್ತರೆ ನಡೆಯುವುದಿಲ್ಲ. ಯಾರ ಕಾರಣದಿಂದ ಬೆಕ್ಕು ಸತ್ತಿತೋ ಅವರು ಬಂಗಾರದ ಬೆಕ್ಕು ಮಾಡಿಸಿ ಕಾಶಿಗೆ ಹೋಗಿ ಬಿಟ್ಟು ಬರಬೇಕು. ಅವ್ವ ನಮ್ಮನ್ನು ಹೆದರಿಸಲು ಹೇಳುತ್ತಿದ್ದಳು. ಬೆಕ್ಕಿಗೆ ಕಲ್ಲು ಎತ್ತಿದರೆ, "ಬಂಗಾರ ಅದನೇನೋ ನಿನ್ನ ಹಂತ್ಯಾಕ?" ಅನ್ನುತ್ತಿದ್ದಳು. ನನಗೆ ಅದು ಅವ್ವ ಬೈಯುವ ಒಂದು ರೀತಿ, ಅಷ್ಟೇ. ಅಕ್ಕನಿಗೆ ಅಷ್ಟೇ ಆಗಿರಲಿಲ್ಲ.

ಮುಂದಿನ ವಾರ ಅವಳು ಕಿವಿಯ ಬೆಂಡೋಲಿ ಬಿಚ್ಚಿದಳು. ಅವ್ವನವು. ಬಂಗಾರ ಅಂತ ಅವಳ ಹತ್ತಿರ ತಾಳಿ ಬಿಟ್ಟರೆ ಇದ್ದದ್ದು ಅವೆರಡೇ.

"ಏನ್ ಮಾಡ್ಲಕತ್ತಿ ಅಕ್ಕಾ?"

"ಪನವೇಲಿಗಿ ಹೋಗಮು. ಅಕ್ಕಸಾಲ್ಯಾನ ಹಂತ್ಯಾಕ."

"ಹುಚ್ಚಿ ಏನು ನೀ? ಅವೆಲ್ಲ ಹಳೀ ಕಾಲದ ಮಾತು."

"ಹಳೀ ಕಾಲದಾಗ ಸತ್ತಿಲ್ಲೋ ಅದು. ಹೋದ ವಾರ ಸತ್ತದ."

ಹೇಳುವುದು ಇತ್ತು. ಹೇಳಲಿಲ್ಲ. ಜೊತೆಗೆ ಹೋದೆ.

ಸೋನಾರ ಮರಾಠಿಯವನು. ಅಕ್ಕ ತನ್ನ ಹಿಂದಿಯಲ್ಲಿ ಹೇಳಿದಳು, "ಬಿಲ್ಲಿ ಬನಾಕೆ ದೋ."

"ಲಾಕೆಟ್?"

"ಲಾಕೆಟ್ ನಹೀ. ಪಾನಿ ಮೇ ಛೋಡನೇ ಕಾ."

"ಪಾನಿ ಮೇ? ಸೋನಾ?" ಬಂಗಾರವನ್ನು ನೀರಿಗೆ ಬಿಡುವುದೇ ಎಂದು ಅವನು ನನ್ನ ಮುಖ ನೋಡಿದ. ನಾನು ರಸ್ತೆ ನೋಡಿದೆ.

ಒಂದು ಬೆಂಡೋಲಿಯಲ್ಲಿ ಮಾಡಿದರೆ ತೊಗರಿ ಕಾಳಿನಷ್ಟು ಆಗುತ್ತದೆ ಅಂದ. ಅಕ್ಕ ಒಂದನ್ನು ಹಿಡಿದುಕೊಂಡು ಯೋಚನೆ ಮಾಡಿದಳು. "ಒಂದ ಕಿವ್ಯಾಗ ಹಾಕ್ಕೊಂಡು ತಿರುಗಲೇನು?" ಎಂದು ನನಗೆ ಹೇಳಿ ಎರಡನ್ನೂ ಅವನ ಮುಂದೆ ಇಟ್ಟಳು. ನಮ್ಮ ಕಣ್ಣಮುಂದೆಯೇ ಕರಗಿಸಬೇಕು ಅಂದಳು. ಬಂಗಾರದ ವಿಷಯದಲ್ಲಿ ಅವಳು ಯಾರನ್ನೂ ನಂಬುವುದಿಲ್ಲ. ನೋಡಿಯೇ ಕೊಡುತ್ತಾಳೆ.

ಅವನು ಬೆಂಡೋಲಿಗಳನ್ನು ಮೂಸೆಗೆ ಹಾಕಿದ. ಬೆಂಕಿ ಹಚ್ಚಿದ. ನಾನು ಎದ್ದು ನಿಂತೆ.

"ಅಕ್ಕಾ, ಒಂದ್ ನಿಮಿಷ ಹೊರಗ ಬಾ."

"ಯಾಕ?"

ಅವಳು ಮುಖ ಎತ್ತಿದಳು. ಖಾಲಿ ಕಿವಿ. ಬೆಂಡೋಲಿ ಎಳೆದು ಎಳೆದು ತೂತು ಉದ್ದವಾಗಿತ್ತು.

"ಏನಿಲ್ಲ. ಚಾ ಕುಡಿತಿಯೇನು ಅಂದೆ."

"ಕರಗಲಿ, ಆಮ್ಯಾಲ ಕುಡಿಯಮು."

ಕರಗಿತು. ಈಗಲೂ ಆ ನಿಮಿಷವೇ ನೆನಪಾಗುತ್ತದೆ. ರೊಕ್ಕ ಹೋದದ್ದಲ್ಲ. ಡೊಂಬಿವಲಿಯ ಬಿಸಿಲೂ ಅಲ್ಲ. ಆ ಬೆಂಕಿ ಹತ್ತಿ ಬಂಗಾರ ನೀರಾಗುವವರೆಗೆ ನನಗೆ ಸಮಯ ಇತ್ತು. ಬಾಯಿ ಇತ್ತು. ಚಾ ಅಂದೆ.

ಮೂರು ದಿನ ಬಿಟ್ಟು ಬೆಕ್ಕು ತಯಾರಾಯಿತು. ಅಕ್ಕ ಅಂಗೈಯಲ್ಲಿ ಇಟ್ಟುಕೊಂಡು ತಿರುಗಿಸಿ ನೋಡಿದಳು. ಇಲಿಯ ಹಾಗೆ ಕಂಡಿತು.

"ಇದು ಚೂಹಾ ಹೈ," ಅಂದಳು. "ಕಾನ್ ಬಡಾ ಕರೋ. ಪೂಂಛ್ ಮೋಟಾ ಕರೋ."

ಸೋನಾರ ನಗುತ್ತ ಕಿವಿ ತಿದ್ದಿದ. ಬಾಲ ದಪ್ಪ ಮಾಡಲು ಬಂಗಾರ ಸಾಲಲಿಲ್ಲ. "ದೇವರಿಗೆ ತಿಳೀತದ ಬಿಡು" ಎಂದು ಅಕ್ಕ ಸೆರಗಿನ ತುದಿಗೆ ಕಟ್ಟಿಕೊಂಡಳು.

ಕಾಶಿಗೆ ಹೋಗುವುದು ಆಗದ ಮಾತು. ಮರಿ ಸತ್ತ ಕಡೆಯೇ ನೀರಿಗೆ ಬಿಡುತ್ತೇನೆ, ನೀನು ಹೂತ ಜಾಗ ತೋರಿಸು ಅಂದಳು. ಹೀಗೆ ಬರುತ್ತದೆ ಎಂದು ನನಗೆ ಹೊಳೆದಿರಲಿಲ್ಲ. ಒಂದು ರವಿವಾರ ಅವಳನ್ನು ಡೊಂಬಿವಲಿಗೆ ಕರೆದುಕೊಂಡು ಹೋದೆ. ಪಶ್ಚಿಮದ ಕಡೆ ಇಳಿದು ರಿಕ್ಷಾದಲ್ಲಿ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ದಂಡೆಗೆ ಹೋದೆವು. ಆ ಕಡೆ ನಾನು ಹಿಂದೆ ಒಮ್ಮೆಯೂ ಹೋದವನಲ್ಲ. ಒಂದು ಜಾಲಿ ಮರದ ಬುಡದಲ್ಲಿ ಯಾರೋ ಏನಕ್ಕೋ ತೋಡಿ ಮುಚ್ಚಿದ ಮಣ್ಣು ಕಂಡಿತು. ಇದೇ ಅಂದೆ.

ಅಕ್ಕ ಕೂತು ಮಣ್ಣು ಮುಟ್ಟಿದಳು.

"ಇಷ್ಟ ಮ್ಯಾಲ ಹೂತಿಯೇನೋ? ನಾಯಿ ಕೆದರಂಗಿಲ್ಲ?"

"ಆಳ ತೋಡೀನಿ ಅಕ್ಕಾ."

"ಬರೇ ಕೈಲೆ?"

"ಸಲಾಕಿ ಸಿಕ್ಕಿತ್ತು ಒಂದು."

"ನಿನಗ ಎಲ್ಲಿ ಹೋದ್ರೂ ಸಲಾಕಿ ಸಿಗ್ತದ ನೋಡು," ಎಂದು ಸ್ವಲ್ಪ ನಕ್ಕಳು.

ಮಣ್ಣಿಗೆ ಅರಿಶಿನ ಕುಂಕುಮ ಹಾಕಿದಳು. ಚೊಂಬಿನಲ್ಲಿ ತಂದಿದ್ದ ಹಾಲು ಸುರಿದಳು. "ತಪ್ಪಾಯ್ತವ್ವ," ಅಂದಳು. "ನಿನ್ನ ತಾಯಿನೂ ನನ್ನ ಬೈಬಾರ್ದು." ಯಾರೋ ಕೇಬಲ್ಲಿಗೋ ಪೈಪಿಗೋ ತೋಡಿದ ಮಣ್ಣಿಗೆ ನನ್ನ ಅಕ್ಕ ಕೈ ಮುಗಿದಳು. ನನಗೂ ಮುಗಿ ಅಂದಳು. ಮುಗಿದೆ.

ಆಮೇಲೆ ನೀರಿನ ಹತ್ತಿರ ಹೋಗಿ ಸೆರಗು ಬಿಚ್ಚಿದಳು. ಬಂಗಾರದ ಬೆಕ್ಕನ್ನು ಬಿಟ್ಟಳು. ಸಪ್ಪಳವೂ ಆಗಲಿಲ್ಲ, ಅಷ್ಟು ಸಣ್ಣದು. ಬಾಚಣಿಗೆಯನ್ನೂ ತಂದಿದ್ದಳು, ಬೂದಿ ಕೂದಲಿನ ಸಮೇತ. ಅದನ್ನೂ ಎಸೆದಳು. ಅದು ಪ್ಲಾಸ್ಟಿಕ್ಕು, ಮುಳುಗಲಿಲ್ಲ. ಬಹಳ ಹೊತ್ತು ಕಾಣುತ್ತಿತ್ತು.

ಗಾಡಿಯಲ್ಲಿ ಬರುವಾಗ, "ಈಗ ಹಗುರಾಯ್ತು ನೋಡು" ಅಂದಳು. ನನ್ನ ಹೆಗಲಿಗೆ ಒರಗಿ ನಿದ್ದೆ ಹೋದಳು.

ಮಳೆಗಾಲದಲ್ಲಿ ನಮ್ಮ ಮಾರ್ಕೆಟ್ಟಿನ ಕಾಟಾದ ಕ್ಯಾಬಿನ್ನಿನಲ್ಲಿ ಒಂದು ಬೀದಿ ಬೆಕ್ಕು ಮೂರು ಮರಿ ಹಾಕಿತು. ಅದರಲ್ಲಿ ಒಂದು ಬೂದಿ ಬಣ್ಣದ್ದು. ಮೂಗು ಚಪ್ಪಟೆ ಇಲ್ಲ, ಕೂದಲೂ ಸಾದಾ. ಕಾಟಾದವನು, "ಒಯ್ಯೋ, ಪುಕ್ಕಟೆ, ತೂಗೂದೂ ಬ್ಯಾಡ" ಅಂದ. ಅವನೂ ಕನ್ನಡದವನೇ, ಇಂಡಿ ಕಡೆಯವನು. ಅದೇ ಬುಟ್ಟಿಯಲ್ಲಿ ಹಾಕಿಕೊಂಡು ಮನೆಗೆ ತಂದೆ. ಬುಟ್ಟಿ ಒಳಗಿನಿಂದ ಮಿಯಾಂವ್ ಅಂತು. ಅಕ್ಕ ಒಲೆಯ ಮುಂದಿನಿಂದ ಎದ್ದು ಗೋಡೆಗೆ ಒತ್ತಿ ನಿಂತಳು.

"ಬ್ಯಾಡ. ವಾಪಸ್ ಒಯ್ಯಿ."

"ಯಾಕ ಅಕ್ಕಾ? ನೋಡರ ನೋಡು. ಬೂದಿ ಬಣ್ಣ ಅದ."

"ನನ್ನ ಕೈಯಾಗ ಬೆಕ್ಕು ಉಳಿಯಂಗಿಲ್ಲೋ. ಇದೂ ಸತ್ರ ಬಂಗಾರ ಎಲ್ಲಿಂದ ತರ್ಲಿ?"

"ಅದು ನಿನ್ನಿಂದ ಸತ್ತಿಲ್ಲ ಅಕ್ಕಾ."

"ಮತ್ಯಾರಿಂದ?"

ಇನ್ನೊಂದು ಸಲ ಬಾಯಿ ತೆರೆಯುವ ಸಮಯ. ಹೇಳಿದರೆ ಏನಾಗುತ್ತದೆ? ಬೆಂಡೋಲಿ ಖಾಡಿಯಿಂದ ಎದ್ದು ಬರುವುದಿಲ್ಲ. ಹಗುರಾಯ್ತು ಅಂದಿದ್ದಳಲ್ಲ, ಅದೂ ಹೋಗುತ್ತದೆ. ಇದು ನಾನು ನನಗೆ ಹೇಳಿಕೊಂಡ ಕಾರಣ. ಖರೆ ಕಾರಣ ಹೆದರಿಕೆ. ಬುಟ್ಟಿ ಎತ್ತಿಕೊಂಡು ವಾಪಸ್ ಹೋದೆ.

ಆ ಮರಿ ಈಗ ದೊಡ್ಡದಾಗಿದೆ. ಲಾರಿ ತೂಗುವಾಗ ಕಾಟಾದ ಮೇಲೆ ಹೋಗಿ ಕೂರುತ್ತದೆ. "ಬೆಕ್ಕಿನ ತೂಕ ಕಳೀರಿ" ಎಂದು ಡ್ರೈವರುಗಳು ಕೂಗುತ್ತಾರೆ. ನಮ್ಮ ಮನೆಯಿಂದ ನಡೆದರೆ ಹತ್ತು ನಿಮಿಷ. ಅಕ್ಕ ನನಗೆ ಬುತ್ತಿ ಕೊಡಲು ಬಂದರೆ ಗೇಟಿನ ಹೊರಗೇ ನಿಲ್ಲುತ್ತಾಳೆ. ಬೆಕ್ಕು ಹತ್ತಿರ ಬಂದರೆ ಕಾಲು ಹಿಂದೆ ತೆಗೆಯುತ್ತಾಳೆ. ಅದು ಮಾತ್ರ ಅವಳನ್ನೇ ನೋಡುತ್ತ ಕೂರುತ್ತದೆ.

ತೂತು ಮುಚ್ಚಬಾರದು ಎಂದು ಕಿವಿಗೆ ಬೇವಿನ ಕಡ್ಡಿ ಹಾಕಿಕೊಂಡಿದ್ದಾಳೆ. ದಿನಾ ರೊಟ್ಟಿ ಬಡಿಯುವಾಗ ಅದು ನನಗೆ ಕಾಣುತ್ತದೆ.

ಇನ್ನೂ ಹೇಳಿಲ್ಲ. ಬರೆಯುವುದು ಇಷ್ಟೇ ಇತ್ತು, ಮತ್ತೇನಿಲ್ಲ.